ಮಗಳ ಅಚ್ಚು

ಕಿವುಡರ ಮನೆ ಎಂದರೆ ಗಲಾಟೆಯಿಲ್ಲದ ಮನೆ, ಪಾಪ ತಣ್ಣಗೆ ಕೂತಿರುತ್ತಾರೆ ಎಂದುಕೊಂಡವರು ಮೈಸೂರಿನ ಮಂಡಿ ಮೊಹಲ್ಲಾದ ಆ ಮಹಡಿ ಮನೆಗೆ ಒಮ್ಮೆಯೂ ಕಾಲಿಟ್ಟವರಲ್ಲ. ನಂಜುಂಡಾಚಾರಿಗೂ ಅವನ ಹೆಂಡತಿ ವನಜಾಕ್ಷಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಮದುವೆಯಾಗಿ ಮೂವತ್ತು ವರ್ಷ ದಾಟಿತ್ತು, ಅಷ್ಟೂ ವರ್ಷ ಇಬ್ಬರೂ ಜಗಳವಾಡಿದ್ದರು. ಹಗೆಯ ಜಗಳವಲ್ಲ ಅದು. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತು ಎಂಬಲ್ಲಿ ಶುರುವಾಗಿ, ಅವಳ ತಂಗಿಯ ಗಂಡನ ಮೀಸೆ, ಅವನ ಅಣ್ಣನ ಜಿಪುಣತನ, ಕಿವುಡರ ಸಂಘದ ಅಧ್ಯಕ್ಷನ ಹೊಸ ಬೈಕು ಎಲ್ಲವನ್ನೂ ಸುತ್ತಿಕೊಂಡು ಬಂದು ಮತ್ತೆ ಉಪ್ಪಿಗೇ ನಿಲ್ಲುವ ಜಗಳ. ಕೈಗಳು ಹಾರುತ್ತಿದ್ದವು, ಹುಬ್ಬು ಕುಣಿಯುತ್ತಿದ್ದವು. ಒಬ್ಬರು ಆ ಕಡೆ ನೋಡುತ್ತಿದ್ದರೆ ಇನ್ನೊಬ್ಬರು ನೆಲಕ್ಕೆ ಕಾಲು ಅಪ್ಪಳಿಸಿ ಈ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಕೆಳಗಿನ ಮನೆಯವರು ಸುಣ್ಣ ಉದುರುತ್ತದೆ ಎಂದು ಮಾಲೀಕರಿಗೆ ದೂರು ಕೊಟ್ಟದ್ದೂ ಉಂಟು.

ಕೈಮಾತಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಬೆರಳು ತೋರಿಸಿದರೆ ಆಯಿತು. "ಗಂಡನ ಮೂಗಿಗೇ ಬೆರಳು ತೋರಿಸಿ ಮಾತಾಡ್ತಾಳಲ್ಲ ಇವಳು" ಎಂದು ಅತ್ತೆ ಸಾಯುವ ತನಕ ಗೊಣಗಿದರಂತೆ. ಸೊಸೆಗೆ ಕೇಳಿಸಿದ್ದರೆ ತಾನೆ!

ಆಚಾರಿಗೆ ಬೀಟೆಮರದಲ್ಲಿ ಚಿತ್ತಾರ ಕೂರಿಸುವ ಕೆಲಸ. ಕೈ ಮರದ ಮೇಲಿರುವಾಗ ಮಾತಿಲ್ಲ, ಮಾತಿರುವಾಗ ಕೆಲಸವಿಲ್ಲ; ಹಾಗಾಗಿ ಕೆಲಸ ಯಾವತ್ತೂ ತಡವೇ. ಒಬ್ಬಳೇ ಮಗಳು, ಇಂಚರ. ಕಿವಿ ಕೇಳಿಸುವ ಮಗು ಹುಟ್ಟಿತೆಂಬ ಸಂಭ್ರಮಕ್ಕೆ ಅಜ್ಜಿ ಹುಡುಕಿ ಇಟ್ಟ ಹೆಸರು. ಐದು ವರ್ಷಕ್ಕೇ ಅವಳು ಆ ಮನೆಯ ಬಾಯಿಯಾದಳು. ರೇಷನ್ ಅಂಗಡಿಯವನ ಹತ್ತಿರ ಅವಳೇ, ಬ್ಯಾಂಕಿನಲ್ಲಿ ಅವಳೇ. ಬೆಳೆದ ಮೇಲೆ ಅದನ್ನೇ ಓದಿ, ಪರೀಕ್ಷೆ ಕಟ್ಟಿ, ಕೈಮಾತಿನ ದುಭಾಷಿಯಾಗಿ ಕೋರ್ಟು ಕಚೇರಿಗಳಿಗೆ ಓಡಾಡುತ್ತಿದ್ದಳು. ಊರಿನಲ್ಲಿ ಕಿವಿ ಕೇಳಿಸುವವರಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಕೈಮಾತಾಡುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಒಂದು ಭಾನುವಾರ ತಿಂಡಿಯ ಹೊತ್ತಿಗೆ ಆಚಾರಿಯ ಮಾತು ಹೋಯಿತು. ಅಧ್ಯಕ್ಷನ ಬೈಕಿನ ಪುರಾಣ ಹೇಳುತ್ತಾ ಇದ್ದವನ ಕೈ ಇದ್ದಕ್ಕಿದ್ದಂತೆ ಎಲ್ಲೆಲ್ಲಿಗೋ ಹೊರಟಿತು. ಆನೆ, ನಿನ್ನೆ, ಹುಳಿ, ಬಾಗಿಲು, ಅಳಿಯ. ಆಮೇಲೆ ಯಾವ ಅರ್ಥವೂ ಇಲ್ಲದ ಬೆರಳಾಟ. ಕೈ ನಡುಗಲಿಲ್ಲ, ಬಾಯಿ ಸೊಟ್ಟಗಾಗಲಿಲ್ಲ, ಓಘವೇನೂ ಕಮ್ಮಿಯಾಗಲಿಲ್ಲ. ಗೋಳು ಹೊಯ್ದುಕೊಳ್ಳುತ್ತಿದ್ದಾನೆ ಎಂದು ವನಜಾಕ್ಷಿ ನಕ್ಕಳು. "ಸಾಕು ನಿನ್ನ ಕೋತಿಚೇಷ್ಟೆ, ತಣ್ಣಗಾಗುತ್ತೆ, ತಿನ್ನು" ಎಂದಳು. ಅವನು ಅವಳ ಕೈಯನ್ನೇ ನೋಡಿದ. ತಮಿಳು ಬಾರದವನು ತಮಿಳರ ಬಾಯಿ ನೋಡುವ ಹಾಗೆ ನೋಡಿದ. ಅವಳ ನಗು ನಿಂತಿತು. ಅವನ ಹೆಸರಿನ ಸನ್ನೆ ಮಾಡಿದಳು, ಇನ್ನೊಮ್ಮೆ ಮಾಡಿದಳು. ಅವನಿಗೆ ಅವನ ಹೆಸರೇ ಗೊತ್ತಾಗಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರು ಎಳೆಯ ಹುಡುಗ, ಒಳ್ಳೆಯವನೇ. ಲೋಟ ಎತ್ತಿ ಕುಡಿಯುವ ಹಾಗೆ ಮಾಡಿ ತೋರಿಸಿದ; ಆಚಾರಿ ಲೋಟ ಎತ್ತಿ ಕುಡಿದ. ತಲೆ ಬಾಚುವ ಹಾಗೆ ಮಾಡಿದ. ಆಚಾರಿ ಇದ್ದ ನಾಲ್ಕು ಕೂದಲನ್ನು ಬಾಚಿಕೊಂಡ. ಡಾಕ್ಟರಿಗೆ ಖುಷಿಯೋ ಖುಷಿ. "ನೋಡಿ, ಸನ್ನೆ ಎಲ್ಲ ಅರ್ಥ ಆಗ್ತಿದೆ. ಅವರ ಭಾಷೆಗೆ ಏನೂ ಆಗಿಲ್ಲ. ನಿಮ್ಮ ಅದೃಷ್ಟ" ಎಂದು ಇಂಚರಳಿಗೆ ಹೇಳಿದ. ಮಗಳು ಅದನ್ನು ಅಮ್ಮನಿಗೆ ದಾಟಿಸಿದ್ದೇ ತಡ, ವನಜಾಕ್ಷಿಗೆ ನೆತ್ತಿಗೇರಿತು. ಕುಡಿಯುವ ಹಾಗೆ ಅಭಿನಯಿಸಿ ತೋರಿಸಿದರೆ ಚಾಮುಂಡಿ ಬೆಟ್ಟದ ಕೋತಿಗೂ ತಿಳಿಯುತ್ತದೆ. ಅದು ಮಾತಾಯಿತೆ? ಅವಳು ಡಾಕ್ಟರನ್ನು ಪಕ್ಕಕ್ಕೆ ತಳ್ಳಿ ಗಂಡನ ಎದುರು ನಿಂತು, "ಕಾಫಿ ಬೇಕಾ, ನೀರು ಸಾಕಾ?" ಎಂದು ಕೇಳಿದಳು. ಮೂರು ವರ್ಷದ ಕೂಸು ಉತ್ತರ ಕೊಡುವ ಪ್ರಶ್ನೆ. ಆಚಾರಿ ಹೆಂಡತಿಯ ಮುಖ ನೋಡಿದ, ಕೈ ನೋಡಿದ, ತಬ್ಬಿಬ್ಬಾಗಿ ಮತ್ತೆ ಲೋಟ ಎತ್ತಿಕೊಂಡ.

ಅಲ್ಲಿಂದ ಅವರನ್ನು ನರವಿಜ್ಞಾನದ ಸಂಶೋಧನಾಲಯವೊಂದಕ್ಕೆ ಕಳಿಸಿದರು. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ಶರ್ವಾಣಿ. ಬಿಳಿ ಕೂದಲು, ಒಳ್ಳೆಯ ಮಾತು, ಎದುರಿಗಿದ್ದವರ ಕಡೆ ನೋಡಿ ಮಾತಾಡುವ ಅಭ್ಯಾಸ. ಆದರೆ ನೋಡುತ್ತಿದ್ದದ್ದು ಇಂಚರಳನ್ನು. ಪರದೆಯ ಮೇಲೆ ಆಚಾರಿಯ ಮಿದುಳಿನ ಚಿತ್ರ ತಂದು, ಎಡಗಡೆ ಕಿವಿಯ ಮೇಲ್ಭಾಗದಲ್ಲಿ ಕಪ್ಪಾದ ಜಾಗವನ್ನು ತೋರಿಸಿದರು.

"ಮಾತು ಬಾಯಿಂದ ಬರಲಿ, ಕೈಯಿಂದ ಬರಲಿ, ಮಿದುಳಿಗೆ ಎರಡೂ ಒಂದೇ. ಎಲ್ಲರ ಹಾಗೆ ಇವರಿಗೂ ಅದರ ಮನೆ ಎಡಗಡೆ. ಅಲ್ಲಿ ರಕ್ತ ನಿಂತು ಆ ಭಾಗ ಸತ್ತಿದೆ. ಬಲಗಡೆ ಚೆನ್ನಾಗಿದೆ. ಅದಕ್ಕೇ ಮುಖ ಗುರುತಿಸ್ತಾರೆ, ದಾರಿ ಗೊತ್ತಿದೆ, ಅಭಿನಯಿಸಿ ತೋರಿಸಿದರೆ ತಿಳಿಯುತ್ತೆ. ಕಣ್ಣಿಗೆ ಕೈ ಕಾಣುತ್ತೆ, ಆದರೆ ಕೈ ಮಾತಾಗಲ್ಲ."

ಅವರ ಹತ್ತಿರ ಒಂದು ಉಪಾಯವಿತ್ತು. ದೊಡ್ಡ ಹೆಸರೇನೋ ಇತ್ತು ಅದಕ್ಕೆ, ಅಲ್ಲಿ ಕೆಲಸ ಮಾಡುವವರೆಲ್ಲ ತೇಪೆ ಎನ್ನುತ್ತಿದ್ದರು. ಬಟ್ಟೆಯ ಗುಂಡಿಯಷ್ಟು ಅಗಲದ ತೆಳುವಾದ ಬಿಲ್ಲೆ. ಅದನ್ನು ತಲೆಬುರುಡೆಯ ಒಳಗೆ ಬಲಗಡೆ ಕೂರಿಸುತ್ತಾರೆ. ಕಣ್ಣಿನಿಂದ ಬಂದದ್ದನ್ನು ಅದು ನಡುವೆ ಹಿಡಿದು, ಯಾವುದು ಮಾತು, ಅದರ ಅರ್ಥವೇನು ಎಂದು ವಿಂಗಡಿಸಿ, ಬಲಗಡೆಯ ಮಿದುಳಿಗೆ ಸಣ್ಣ ಸಣ್ಣ ಮಿಡಿತಗಳಾಗಿ ಕೊಡುತ್ತದೆ. ಹೀಗೇ ತಿಂಗಳುಗಟ್ಟಲೆ ಕೊಟ್ಟು ಕೊಟ್ಟು, ಬಲಗಡೆಯೇ ಎಡಗಡೆಯ ಕೆಲಸ ಕಲಿತು ಆ ಆಕಾರಕ್ಕೆ ಗಟ್ಟಿಯಾಗುತ್ತದೆ. ಮಾತು ಹೋದ ಎಷ್ಟೋ ಜನ ಕೇಳಿಸುವವರಿಗೆ ಅದನ್ನು ಹಾಕಿ ಗೆದ್ದಿದ್ದರು. ಕಿವುಡರಿಗೆ ಹಾಕುವುದು ಇದೇ ಮೊದಲು.

ಬರೀ ಬಿಲ್ಲೆಗೆ ಏನು ಗೊತ್ತು? ಅದಕ್ಕೆ ಯಾರಾದರೂ ಕಲಿಸಬೇಕು. ಹತ್ತಿರದವರೊಬ್ಬರನ್ನು ದೊಡ್ಡ ಕೊಳವೆಯೊಳಗೆ ಮಲಗಿಸಿ, ಮಾತು ನೋಡಿದಾಗ ಅವರ ಮಿದುಳಿನಲ್ಲಿ ಏನೇನು ಬೆಳಗುತ್ತದೆ ಎಂದು ದಿನಗಟ್ಟಲೆ ತೆಗೆದು ಬಿಲ್ಲೆಗೆ ತುಂಬುತ್ತಾರೆ. ಆ ಮನುಷ್ಯನಿಗೆ ಅವರಿಟ್ಟ ಹೆಸರು ಅಚ್ಚು. ಕೇಳಿಸುವವರ ಮನೆಯಲ್ಲಿ ಹೆಂಡತಿಯೋ ತಮ್ಮನೋ ಅಚ್ಚಾಗುತ್ತಿದ್ದರು. ಮನೆಮಂದಿಯದೆಲ್ಲ ಒಂದೇ ಕನ್ನಡ, ಯಾರಾದರೇನು.

ಇಲ್ಲಿಗೆ ಬಂದಾಗ ತೊಡಕಾಯಿತು. ವನಜಾಕ್ಷಿಯನ್ನು ಕೊಳವೆಗೆ ಹಾಕಿದರೆ ಒಳಗಿದ್ದವಳಿಗೆ ಹೊರಗಿನವರು ಹೇಳುವುದು ಹೇಗೆ? ಕಿವಿಗೆ ಹೇಳುವಂತಿಲ್ಲ. ಎದುರಿನ ಸಣ್ಣ ಪರದೆಯಲ್ಲಿ ತೋರಿಸಬಹುದು, ಆದರೆ ಅವಳು ತಿರುಗಿ ಕೇಳಬೇಕೆಂದರೆ ಕೈ ಆಡಿಸಬೇಕು, ಕೈ ಆಡಿಸಿದರೆ ತೆಗೆದದ್ದೆಲ್ಲ ಕೆಡುತ್ತದೆ. ಮಾಡಲಾಗದ್ದೇನಲ್ಲ, ಸಮಯ ಹಿಡಿಯುತ್ತದೆ, ಯಂತ್ರವನ್ನು ಸ್ವಲ್ಪ ಬದಲಾಯಿಸಬೇಕು ಎಂದು ಶರ್ವಾಣಿಯವರು ಗಾಜಿನ ಕೋಣೆಯಲ್ಲಿ ನಿಂತು ಇಂಚರಳಿಗೆ ಹೇಳಿದರು. ಆಮೇಲೆ ಕೇಳಿದರು, "ನಿಮ್ಮ ಸನ್ನೆ ಭಾಷೆ, ತಾಯಿಯವರದು, ಎರಡೂ ಒಂದೇ ತಾನೆ?"

"ಒಂದೇ ಮೇಡಂ. ನಾನು ಕಲಿತದ್ದೇ ಇವರಿಂದ. ನಾನೇ ಮಲಗ್ತೀನಿ, ಬೇಗ ಮುಗಿಸಿ."

ವನಜಾಕ್ಷಿ ಅಲ್ಲೇ ಇದ್ದಳು, ಎರಡು ಮಾರು ದೂರದಲ್ಲಿ. ಇಬ್ಬರ ತುಟಿ ಆಡಿದ್ದು, ಡಾಕ್ಟರು ತನ್ನ ಕಡೆ ಒಮ್ಮೆ ನೋಡಿದ್ದು, ಮಗಳು ತಲೆಯಾಡಿಸಿದ್ದು ಎಲ್ಲ ಕಂಡಿತು. ಏನಂತೆ ಎಂದು ಕೇಳಿದಳು. "ಆಮೇಲೆ ಹೇಳ್ತೀನಮ್ಮ" ಎಂದಳು ಇಂಚರ.

ಯಾವ ಕಿವುಡರನ್ನು ಬೇಕಾದರೂ ಕೇಳಿ ನೋಡಿ, ಹುಟ್ಟಿದಾರಭ್ಯ ಅವರು ಅತಿ ಹೆಚ್ಚು ಕಂಡ ಮಾತು ಅದೇ. ಮದುವೆ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವಾಗ ಏನಂತೆ ಎಂದರೆ ಆಮೇಲೆ ಹೇಳ್ತೀನಿ. ಅಪ್ಪ ಸತ್ತಾಗ ಡಾಕ್ಟರು ಏನಂದರು ಎಂದರೆ ಆಮೇಲೆ ಹೇಳ್ತೀನಿ. ವನಜಾಕ್ಷಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಅಷ್ಟು ಜಗಳಗಂಟಿ ಆ ದಿನ ಒಂದೇ ಒಂದು ಸಲ ನೆಲಕ್ಕೆ ಕಾಲು ಅಪ್ಪಳಿಸಿ "ಈಗಲೇ ಹೇಳು" ಎಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಮಗಳು ನೋಡಿಕೊಳ್ಳುತ್ತಾಳೆ ಎಂದುಕೊಂಡಳು.

ಮಗಳು ನೋಡಿಕೊಂಡಳು. ತಲೆ ಅಲುಗದಂತೆ ಪಟ್ಟಿ ಬಿಗಿಸಿಕೊಂಡು ಕೊಳವೆಯಲ್ಲಿ ಮಲಗಿದಳು. ಪರದೆಯ ಮೇಲೆ ಒಂದೊಂದೇ ಸನ್ನೆ ಬರುತ್ತಿತ್ತು. ಕಿವಿಯಲ್ಲಿ ಅದರ ಕನ್ನಡ ಅರ್ಥ ಕೇಳುತ್ತಿತ್ತು. ಸರಿ ಎಂದರೆ ಗುಂಡಿ ಒತ್ತುತ್ತಿದ್ದಳು. ಅಪ್ಪನಿಗಾಗಿ ಬೆನ್ನು ಬಿದ್ದುಹೋಗುವಂತೆ ಮಲಗಿದಳು. ಅದನ್ನು ಇಲ್ಲವೆನ್ನುವ ಹಾಗಿಲ್ಲ.

ಆ ನಡುವಿನ ದಿನಗಳಲ್ಲಿ ಗಂಡಹೆಂಡತಿ ಅಭಿನಯದಲ್ಲಿ ಬದುಕಿದರು. ಉಣ್ಣುವ ಹಾಗೆ ಮಾಡಿದರೆ ಊಟ, ತಲೆ ಉಜ್ಜುವ ಹಾಗೆ ಮಾಡಿದರೆ ಸ್ನಾನ. ನಿನ್ನೆ ಎಂಬುದನ್ನು ತೋರಿಸಲಾಗದು, ನಾಳೆಯನ್ನು ತೋರಿಸಲಾಗದು, ಆದ್ದರಿಂದ ಇವತ್ತಿನದಷ್ಟೇ ಬದುಕು. ಆಚಾರಿ ಉಳಿ ಹಿಡಿದು ಕೂತರೆ ಕೆಲಸ ಮೊದಲಿನಷ್ಟೇ ಸೊಗಸು. ಕೆಲವು ಸಲ ತಟ್ಟನೆ ತಲೆಯೆತ್ತಿ ಅವಳ ಕಡೆ ನೋಡಿ ಏನೋ ಹೇಳಲು ಕೈ ಎತ್ತುತ್ತಿದ್ದ. ಬೆರಳು ಎರಡು ಸುತ್ತು ಸುತ್ತಿ ನಿಲ್ಲುತ್ತಿತ್ತು. ಆಗ ಅವಳು ಅವನ ಕೈಯನ್ನೇ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ದಿನ ಎಣಿಸುತ್ತಿದ್ದಳು. ಬಿಲ್ಲೆ ಕೂತ ಮೇಲೆ ಇವನು ಮೊದಲು ಏನೆಂದು ಬಯ್ಯಬಹುದು ಎಂದು ಯೋಚಿಸಿ ಒಬ್ಬಳೇ ನಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೆ, ಗಂಡ ಮತ್ತೆ ತನ್ನ ಜೊತೆ ಮಾತಾಡಬೇಕು, ಮೊದಲಿನ ಹಾಗೆ, ಎದುರಾಡಿಕೊಂಡು.

ತೇಪೆ ಹಾಕಿ, ಗಾಯ ಒಣಗಿ, ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಜಿನ ಕೋಣೆಯಲ್ಲಿ ಪರೀಕ್ಷೆ ಇಟ್ಟರು. ಪರದೆಗಳ ಮುಂದೆ ಶರ್ವಾಣಿ ಮತ್ತವರ ತಂಡ. ನಡುವೆ ಕುರ್ಚಿಯಲ್ಲಿ ಆಚಾರಿ. ಇಂಚರ ಎದುರು ನಿಂತು, "ಅಪ್ಪಾ, ತಿಂಡಿ ಆಯ್ತಾ?" ಎಂದಳು.

ಆಚಾರಿಯ ಕಣ್ಣು ಅರಳಿತು. "ಆಯ್ತು, ಇಡ್ಲಿ ತಿಂದೆ" ಎಂದ.

ಕೋಣೆಯಲ್ಲಿದ್ದವರೆಲ್ಲ ಕುರ್ಚಿಯಿಂದ ಎದ್ದರು. ಶರ್ವಾಣಿಯವರ ಕಣ್ಣಲ್ಲಿ ನೀರು. ಇಂಚರ ಅಪ್ಪನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತಳು. ವನಜಾಕ್ಷಿ ಮುನ್ನುಗ್ಗಿ ಗಂಡನ ಎದುರು ಬಂದು, ಎರಡು ತಿಂಗಳು ಕೂಡಿಟ್ಟದ್ದನ್ನೆಲ್ಲ ಅಳುತ್ತಾ ಒಂದೇ ಉಸಿರಿಗೆ ಸುರಿದಳು. ನನ್ನ ಜೀವ ತಿಂದೆಯಲ್ಲ, ಎಲ್ಲಿ ಹೋಗಿದ್ದೆ ಇಷ್ಟು ದಿನ, ನಿನ್ನ ಅಣ್ಣ ಒಂದು ದಿನ ಬಂದು ಎರಡು ಕಿತ್ತಳೆ ಕೊಟ್ಟು ಹೋದ, ಎರಡೇ! ಆಚಾರಿ ಅವಳ ಕೈಯನ್ನು ಗಮನವಿಟ್ಟು ನೋಡಿದ. ಹುಬ್ಬು ಗಂಟಿಕ್ಕಿತು. ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿದಂತಿತ್ತು, ಉಳಿದದ್ದು ಸೋರಿಹೋಗಿತ್ತು. ಅವನು ಮಗಳ ಕಡೆ ತಿರುಗಿ, ಮೂಗುಬೊಟ್ಟಿನ ಜಾಗಕ್ಕೆ ಬೆರಳಿಟ್ಟು, ಅಮ್ಮ ಎಂಬುದರ ಸನ್ನೆ ಮಾಡಿ ಕೇಳಿದ.

"ಅಮ್ಮ ಯಾಕೆ ಅಳ್ತಿದಾರೆ?"

ವನಜಾಕ್ಷಿಯ ಕೈ ಅಲ್ಲೇ ನಿಂತಿತು. ಮದುವೆಯಾದ ಹೊಸದರಲ್ಲಿ ಅವಳಿಗೊಂದು ಹೆಸರು ಕೊಟ್ಟವನು ಅವನೇ, ಗಲ್ಲದ ಗುಳಿಗೆ ಎರಡು ಸಲ ಬೆರಳು ಮುಟ್ಟಿಸುವುದು. ಸಂಘದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಕರೆಯದವಳು ಒಬ್ಬಳೇ, ಇಂಚರ. ಹೆತ್ತವರ ಹೆಸರು ಹಿಡಿದು ಕರೆಯುವ ಮಕ್ಕಳು ನಮ್ಮಲ್ಲಿ ಎಲ್ಲಿದ್ದಾರೆ? ಕೊಳವೆಯಲ್ಲಿ ಅಮ್ಮನ ಫೋಟೋ ತೋರಿಸಿ ಇದು ಯಾರು ಎಂದಾಗ ಆ ಮಿದುಳಿನಲ್ಲಿ ಬೆಳಗಿದ್ದು ಒಂದೇ ಮಾತು. ಬಿಲ್ಲೆ ಅದನ್ನೇ ಕಲಿತಿತ್ತು. ಆಚಾರಿಗೆ ಎದುರಿಗಿರುವವಳು ತನ್ನ ಹೆಂಡತಿ ಎಂದು ಗೊತ್ತಿತ್ತು. ಮುಖ ಗೊತ್ತು, ಮೈ ಗೊತ್ತು. ಅವಳನ್ನು ಕರೆಯಲು ಇದ್ದ ಮಾತು ಮಾತ್ರ ಅಮ್ಮ.

"ಹೊಸದರಲ್ಲಿ ಹಾಗೇ" ಎಂದರು ಶರ್ವಾಣಿ. "ಸರಿ ಹೋಗುತ್ತೆ."

ಸರಿ ಹೋಗಲಿಲ್ಲ, ಗಟ್ಟಿಯಾಯಿತು. ಮಗಳು ಮಾತಾಡಿದರೆ ಆಚಾರಿಗೆ ನೀರು ಕುಡಿದಷ್ಟು ಸಲೀಸು. ಒಂದರ ಹಿಂದೊಂದು ಸಾಲಾಗಿ ಬರುವ, ಕನ್ನಡವನ್ನೇ ಬೆರಳಿಗೆ ಕಟ್ಟಿದಂಥ ಕೈಮಾತು ಅವಳದು. ಹೊರಗೆ ಹಾಗೇ ಆಡಬೇಕು, ಕೋರ್ಟಿನಲ್ಲಿ ಹಾಗೇ ಆಡಿ ರೂಢಿ. ವನಜಾಕ್ಷಿಯ ಮಾತು ಅರ್ಧ ಕೈಯಲ್ಲಿದ್ದರೆ ಅರ್ಧ ಹುಬ್ಬಿನಲ್ಲಿ, ತುಟಿಯ ಕೊಂಕಿನಲ್ಲಿ, ಹೆಗಲ ಎಳೆತದಲ್ಲಿ. ಪಟ್ಟಿ ಬಿಗಿದ ತಲೆಯಿಂದ ತೆಗೆದ ಅಚ್ಚಿಗೆ ಹುಬ್ಬು ಎಲ್ಲಿಂದ ಬರಬೇಕು? ಅವಳು ಅಣಕಿಸಿದರೆ ಅವನು ನಿಜವೆಂದುಕೊಳ್ಳುತ್ತಿದ್ದ. ಅವಳು ಬೈದರೆ ಸಿಕ್ಕಿದ ಒಂದೆರಡು ಮಾತು ಹಿಡಿದು "ಆಯ್ತಮ್ಮ" ಎನ್ನುತ್ತಿದ್ದ.

ಅವಳ ಜೊತೆ ಅವನು ಆಡುತ್ತಿದ್ದ ಮಾತುಗಳಾದರೂ ಎಂಥವು? ಊಟ ಆಯ್ತಾ ಅಮ್ಮ. ಮಾತ್ರೆ ತಗೊಂಡ್ರಾ. ಗ್ಯಾಸ್ ಬುಕ್ ಮಾಡಬೇಕಾ. ಬಿಸಿಲಿದೆ, ಹೊರಗೆ ಹೋಗಬೇಡಿ. ಬೆಳೆದ ಮಗಳಿಗೆ ತಾಯಿಯ ಹತ್ತಿರ ದಿನಕ್ಕೆ ಎಷ್ಟು ಮಾತು ಬೇಕೋ ಅಷ್ಟೂ ಇತ್ತು, ಒಂದು ಗುಲಗಂಜಿ ತೂಕವೂ ಹೆಚ್ಚಿಲ್ಲ. ಅವಳ ಕಡೆ ಬೆರಳು ತೋರಿಸುವುದನ್ನೂ ಬಿಟ್ಟ. ಕೇಳಿಸುವವರು ಹಿರಿಯರಿಗೆ ಮಾಡುವ ಹಾಗೆ ಅಂಗೈ ಚಾಚಿ ತೋರಿಸುತ್ತಿದ್ದ. ಅತ್ತೆ ಬದುಕಿದ್ದರೆ ಕಣ್ತುಂಬಾ ನೋಡಿ ಸಂತೋಷಪಡುತ್ತಿದ್ದರು.

ಸಂಘದ ಗೆಳೆಯರು ಒಂದು ಭಾನುವಾರ ಹಿಂಡಾಗಿ ಬಂದರು. ಎಲ್ಲರೂ ಒಟ್ಟಿಗೆ ಕೈಯೆತ್ತಿದರು; ತೇಪೆಯ ಗಾಯ ನೋಡಿದರು, ಹಳೆಯ ಜೋಕು ಹೇಳಿ ಮೇಜು ಬಡಿದು ನಕ್ಕರು. ಆಚಾರಿ ನಡುವೆ ಕೂತು ಎಲ್ಲರ ಕೈಯನ್ನೂ ನೋಡುತ್ತಾ ಮುಗುಳ್ನಗುತ್ತಿದ್ದ. ಆ ನಗುವಿನ ಗುರುತು ಅಲ್ಲಿದ್ದ ಪ್ರತಿಯೊಬ್ಬರಿಗೂ ಇತ್ತು. ತಲೆಬುಡ ತಿಳಿಯದೆ ಇದ್ದಾಗ ಕೇಳಿಸುವವರ ನಡುವೆ ಕೂತು ತಾವೇ ನಗುವ ನಗು ಅದು. ಒಬ್ಬೊಬ್ಬರ ಕೈಯೂ ಇಳಿಯಿತು. ಕಾಫಿ ಕುಡಿದು ಹೊರಟರು, ಮತ್ತೆ ಬರಲಿಲ್ಲ.

ವನಜಾಕ್ಷಿ ಮಗಳ ದಾರಿಯನ್ನೂ ಹಿಡಿದು ನೋಡಿದಳು. ಕಲಿಸು ನಿನ್ನ ಹಾಗೆ ಆಡೋದನ್ನ ಎಂದು ಅಡುಗೆಮನೆಯಲ್ಲಿ ಇಂಚರಳ ಮುಂದೆ ನಿಂತಳು. ತಾನೇ ತೊಡೆಯ ಮೇಲೆ ಕೂರಿಸಿಕೊಂಡು ಬೆರಳು ಹಿಡಿದು ಕಲಿಸಿದ ಮಗಳು ಈಗ ತನ್ನ ಬೆರಳು ಹಿಡಿದು ತಿದ್ದಿದಳು. "ಮುಖ ಅಲ್ಲಾಡಿಸಬೇಡಮ್ಮ, ಕೈ ಮಾತ್ರ. ಒಂದೊಂದೇ." ಹಾಗೆ ಆಡಿದಾಗ ಆಚಾರಿಗೆ ತಿಳಿಯುತ್ತಿತ್ತು ನಿಜ. ಆದರೆ ಅವಳು ಹೇಳಬೇಕೆಂದಿದ್ದ ಒಂದು ಮಾತೂ ಆ ಬೆರಳುಗಳಿಗೆ ಹತ್ತಲಿಲ್ಲ. ಗ್ಯಾಸ್ ಬುಕ್ ಮಾಡಲು ಹೇಳಿ ಸುಮ್ಮನಾದಳು.

ಆ ಹೊತ್ತಿಗೆ ಗಾಜಿನ ಕೋಣೆಯ ಮಾತುಕತೆ ಏನೆಂದು ಅವಳಿಗೆ ತಿಳಿದುಬಂದಿತ್ತು. ಆಮೇಲೆ ಹೇಳ್ತೀನಿ ಎಂದಿದ್ದ ಮಗಳು, ತಿಂಗಳುಗಳ ಆಮೇಲೆ, ಕೇಳಿ ಕೇಳಿ ಕಾಡಿದ ಮೇಲೆ ಹೇಳಿದಳು.

"ನಿನ್ನದು ನನ್ನದು ಒಂದೇ ಅಂದೆಯಾ?" ವನಜಾಕ್ಷಿ ನೆಲಕ್ಕೆ ಕಾಲು ಅಪ್ಪಳಿಸಿದಳು. "ಯಾರನ್ನ ಕೇಳಿ ಅಂದೆ? ನಾನಲ್ಲೇ ನಿಂತಿದ್ದೆ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಹಾಗೆ ನಿಲ್ಲಿಸಿದ್ದೆ ನನ್ನ!"

"ಬೇಗ ಆಗಲಿ ಅಂತ ಅಂದೆ. ಅಪ್ಪ ಹಾಗೆ ಇರೋದು ನೋಡೋಕಾಗಲಿಲ್ಲ."

"ನನಗೆ ನೋಡೋಕಾಗುತ್ತಿತ್ತು. ಇನ್ನೊಂದು ವರ್ಷ ಕಾಯ್ತಿದ್ದೆ."

"ಅಪ್ಪ ಮಾತಾಡ್ತಿದಾರಲ್ಲ, ಅದು ಸಾಲದಾ ನಿಂಗೆ?"

"ಯಾರ ಜೊತೆ ಮಾತಾಡ್ತಿದಾನೆ? ನನ್ನ ಗಂಡನ್ನ ನಿನ್ನ ಹಾಗೆ ಮಾಡಿ ಕೊಟ್ಟಿದೀಯ. ನನಗೆ ಇಬ್ಬರು ಇಂಚರ ಯಾಕೆ?"

ಆಗ ಇಂಚರಳಿಗೂ ತಡೆಯಲಾಗಲಿಲ್ಲ. ಅವಳ ಮುಖಕ್ಕೆ ಎಲ್ಲಿಲ್ಲದ ಸಿಟ್ಟು ಬಂತು. ಕೈಯ ಸಾಲು ತಪ್ಪಿತು, ಹುಬ್ಬೂ ಎದ್ದಿತು. "ನನಗೆ ನಿಮ್ಮ ಮಾತು ಕಲಿಸಿದ್ದೆಷ್ಟು ನೀವು? ಊಟ ಮಾಡು, ಓದು, ಬ್ಯಾಂಕಿನವನಿಗೆ ಹೀಗೆ ಹೇಳು, ಅಂಗಡಿಯವನು ಏನಂದ ಹೇಳು. ನೀವಿಬ್ಬರೂ ಮಾತಾಡುವಾಗ ನಾನು ಮಧ್ಯೆ ಕೂತು ಏನದು ಅಂದರೆ, ದೊಡ್ಡವರ ಮಾತು, ನೀನು ಆಡಿಕೋ ಹೋಗು ಅಂತಿದ್ರಿ. ಅದೇ ಮನೇಲಿ ಬೆಳೆದೆ, ನಿಮ್ಮ ಅರ್ಧ ಮಾತು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೂ ನನಗೆ ಗೊತ್ತಿರಲಿಲ್ಲ. ಈಗ ಅಪ್ಪ ಮೊದಲನೇ ಸಲ ನನ್ನ ಹತ್ತಿರ ಕೂತು ಸಂಜೆವರೆಗೂ ಮಾತಾಡ್ತಾರೆ. ನಾನೇನು ಕದ್ದೆನಾ?"

ಮಗಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮಗಳನ್ನು ಮನೆಯ ಬಾಯಿ ಮಾಡಿಕೊಂಡವರು ಅವಳ ಕೈಗೆ ಏನೇನು ಕೊಟ್ಟೆವು ಎಂದು ಯಾವತ್ತಾದರೂ ಲೆಕ್ಕ ಹಾಕಿದ್ದರೆ? ವನಜಾಕ್ಷಿಯ ಸಿಟ್ಟು ಮಾತ್ರ ಇಳಿಯಲಿಲ್ಲ.

ಬಿಲ್ಲೆ ಪೂರ್ತಿ ಹಿಡಿಯುವ ಮುಂಚಿನ ಕೊನೆಯ ತಪಾಸಣೆಗೆ ಮೂವರೂ ಸಂಶೋಧನಾಲಯಕ್ಕೆ ಹೋದರು. ವನಜಾಕ್ಷಿ ಈ ಸಲ ಮಗಳ ಪಕ್ಕ ನಿಲ್ಲಲಿಲ್ಲ. ನೇರವಾಗಿ ಶರ್ವಾಣಿಯವರ ಮುಂದೆ ಹೋಗಿ ನಿಂತು, ಕೈಯೆತ್ತಿ ಹೇಳಿದಳು. "ಇದನ್ನ ತೆಗೀರಿ. ನನ್ನ ಅಚ್ಚು ಹಾಕಿ." ಇಂಚರ ಅದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಒಂದು ಅಕ್ಷರ ಹೆಚ್ಚುಕಮ್ಮಿ ಮಾಡದೆ ಹೇಳಿದಳು.

ಶರ್ವಾಣಿ ಮೊದಲ ಸಲ ಮಗಳನ್ನು ಬಿಟ್ಟು ತಾಯಿಯನ್ನು ನೋಡಿ ಮಾತಾಡಿದರು. "ಅದಾಗಲ್ಲಮ್ಮ. ಬಲಗಡೆ ಒಂದೇ ಸಲ ಅಚ್ಚು ಹಿಡಿಯೋದು. ತೆಗೀಬಹುದು, ಈ ವಾರದೊಳಗೆ. ತೆಗೆದರೆ ಇವರು ಮೊದಲಿನ ಹಾಗೆ ಆಗ್ತಾರೆ, ಮಾತೇ ಇಲ್ಲದ ಹಾಗೆ. ಮತ್ತೆ ಯಾರದೂ ಹಾಕೋಕೆ ಬರಲ್ಲ. ಬಿಟ್ಟರೆ ಈಗಿರೋ ಹಾಗೆ ಕೊನೆವರೆಗೂ." ಕಡೆಗೆ, "ನಿಮ್ಮನ್ನ ನಾವು ಅವತ್ತೇ ಕೇಳಬೇಕಿತ್ತು" ಎಂದರು. ಕೇಳಬೇಕಿದ್ದವರಿಗೆಲ್ಲ ಈ ಮಾತು ಹೊಳೆಯುವುದು ಯಾವಾಗಲೂ ಕೆಲಸ ಮುಗಿದ ಮೇಲೆ.

ತೆಗೆಸಿಬಿಡೋಣ ಎಂಬ ಯೋಚನೆ ವನಜಾಕ್ಷಿಗೆ ಬಂತು. ಬಂದದ್ದನ್ನು ಬರಲಿಲ್ಲ ಎನ್ನುವುದು ಯಾಕೆ? ಮಾತಿಲ್ಲದ ಆ ದಿನಗಳಲ್ಲಿ ಅವನು ಅವಳ ಕೈ ಹಿಡಿದು ಕೂರುತ್ತಿದ್ದ, ಅವಳ ಮುಖ ನೋಡಿ ನಗುತ್ತಿದ್ದ. ಆಗ ಅವನು ಅವಳ ಗಂಡ. ಮಾತು ಹೋದರೆ ಹೋಗಲಿ, ಗಂಡ ಉಳಿಯಲಿ. ಮಗಳು ಎರಡು ದಿನ ಅತ್ತು ಸುಮ್ಮನಾಗುತ್ತಾಳೆ. ಅವಳು ಇಷ್ಟನ್ನೂ ಯೋಚಿಸಿದಳು, ಆಮೇಲೆ ಅವಳಿಗೇ ನಾಚಿಕೆಯಾಗಿ, "ಅವನನ್ನೇ ಕೇಳಿ, ತಲೆ ಅವನದು" ಎಂದಳು.

ಇಂಚರ ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ತೆಗೆದರೆ ಹೀಗೆ, ಬಿಟ್ಟರೆ ಹೀಗೆ, ನಿಮಗೇನು ಬೇಕು. ಆಚಾರಿ ಕೊನೆಯ ತನಕ ಶ್ರದ್ಧೆಯಿಂದ ನೋಡಿದ. ಅವನ ಕೈ ತನ್ನ ತಲೆಯ ಬಲಗಡೆ ಒಮ್ಮೆ ಹೋಗಿ ಬಂತು. ಮುಖದಲ್ಲಿ ಹೆದರಿಕೆಯಿತ್ತು. ಕತ್ತಲೆ ಕೋಣೆಗೆ ವಾಪಸು ಹೋಗು ಎಂದರೆ ಯಾರಿಗೆ ಹೆದರಿಕೆಯಾಗದು? ಆದರೂ ಅವನು ಹೆಂಡತಿಯ ಕಡೆಗೆ ಅಂಗೈ ಚಾಚಿ ವಿನಯವಾಗಿ ಹೇಳಿದ.

"ಅಮ್ಮ ಹೇಗೆ ಹೇಳ್ತಾರೋ ಹಾಗೆ."

ಗೋಡೆಯ ಕ್ಯಾಲೆಂಡರು ಯಾವ ಮೊಳೆಗೆ ಹಾಕಬೇಕು ಎಂಬುದಕ್ಕೂ ಮೂವತ್ತು ವರ್ಷ ಸೋಲದವನು. ವನಜಾಕ್ಷಿ ಅವನ ತುಟಿಯ ಕೊನೆ ನೋಡಿದಳು, ಕಣ್ಣಿನ ಅಂಚು ನೋಡಿದಳು. ತಮಾಷೆ ಎಲ್ಲೂ ಇರಲಿಲ್ಲ. ಬೇಡ ಎಂದು ಹಠ ಹಿಡಿಯಬೇಕಾದ ಮನುಷ್ಯನೇ ಅಲ್ಲಿಲ್ಲ. ತೆಗೆಸಿದರೂ ಅವನು ಬರುವುದಿಲ್ಲ. ಇದ್ದವನಿಗೆ ಮಗಳ ಜೊತೆ ಆಡಲು ನಾಲ್ಕು ಮಾತಾದರೂ ಇದ್ದವು. ಅದನ್ನೂ ಕಿತ್ತುಕೊಂಡು ಯಾವ ಪುರುಷಾರ್ಥ?

"ಇರಲಿ ಬಿಡಿ" ಎಂದಳು.

ಇಂಚರ ಓಡಿ ಬಂದು ಅಮ್ಮನನ್ನು ಅಪ್ಪಿಕೊಂಡಳು. ವನಜಾಕ್ಷಿ ಕೈ ಎತ್ತಲಿಲ್ಲ, ತಳ್ಳಲೂ ಇಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಟ್ಟಡದ ಎತ್ತರದ ಮೆಟ್ಟಿಲ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಗಂಡನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹುಬ್ಬು, ಹೆಗಲು, ತುಟಿ, ಎರಡೂ ಕೈ, ಇಡೀ ಮೈಯಲ್ಲಿ ಹೇಳಿದಳು. "ಒಂದೇ ಒಂದು ಸಲ ನನಗೆ ಇಲ್ಲ ಅನ್ನು. ನಿನ್ನ ಮಾತು ಕೇಳಲ್ಲ ಹೋಗೇ ಅನ್ನು. ನಾನು ನಿನ್ನ ಹೆಂಡತಿ ಕಣೋ, ನಿನ್ನ ಹೆತ್ತವಳಲ್ಲ. ಮಾಡೋದೆಲ್ಲ ಮಾಡಿ ನನ್ನೊಬ್ಬಳನ್ನೇ ಬಿಟ್ಟು ಹೋದೆಯಲ್ಲ, ಇಷ್ಟು ಹತ್ತಿರ ನಿಂತುಕೊಂಡು."

ಕೆಳಗಿನ ಮೆಟ್ಟಿಲಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಆಚಾರಿ ಅವಳ ಕೈ ನಿಲ್ಲುವ ತನಕ ಕಾದ. ಅವಳ ಕೆನ್ನೆಯ ಮೇಲೆ ನೀರಿಳಿಯುವುದನ್ನು ಕಂಡು ಗಾಬರಿಯಾಗಿ ಮಗಳನ್ನು ಕೇಳಿದ, "ಅಮ್ಮ ಏನಂತಾರೆ?"

ಇಂಚರಳಿಗೆ ಅಷ್ಟೂ ಅರ್ಥವಾಗಿತ್ತು. ದೊಡ್ಡವರ ಮಾತು ಅವಳ ಕಣ್ಣೆದುರಿಗೇ, ಯಾವ ಮುಚ್ಚುಮರೆಯಿಲ್ಲದೆ ನಡೆದಿತ್ತು. ಅವಳು ಕೈಯೆತ್ತಿದಳು. ಅಪ್ಪನಿಗೆ ಮಗಳು ಆ ಮಾತನ್ನು ಹೇಗೆ ಹೇಳುವುದು?

"ಅಮ್ಮನಿಗೆ ಕಾಲು ನೋವಂತೆ" ಎಂದಳು.

ಓ, ಅಷ್ಟೇ ತಾನೆ ಎಂಬಂತೆ ಆಚಾರಿ ತಲೆಯಾಡಿಸಿದ. ಒಂದು ಮೆಟ್ಟಿಲು ಕೆಳಗಿಳಿದು, ವನಜಾಕ್ಷಿಯ ಮೊಣಕೈಯನ್ನು ಜೋಪಾನವಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ "ನಿಧಾನ ಅಮ್ಮ" ಎನ್ನುತ್ತಾ ಅವಳನ್ನು ಒಂದೊಂದೇ ಮೆಟ್ಟಿಲು ಇಳಿಸತೊಡಗಿದ. ಅವನು ಅವಳಿಗಿಂತ ಆರು ವರ್ಷಕ್ಕೆ ದೊಡ್ಡವನು.